ಉಸಿರಿನ ಆಚಾರ: ಗ್ರಾಫೈಟ್ ಧೂಳಿನ ನಡುವೆ ಕಾಯಕದ ವಿಚಾರ

ದುಡಿಯುವವನ ದೇಹವನ್ನೇ ಕ್ರಮೇಣ ಸವೆಸುವ ದುಡಿಮೆಗೆ ಕಾಯಕವೆಂಬ ಹೆಸರು ಸಲ್ಲುತ್ತದೆಯೇ? ಹನ್ನೆರಡನೆಯ ಶತಮಾನದ ಶರಣ ಚಿಂತನೆಯ ಚರ್ಚೆಗಳಲ್ಲಿ ಗಳಿಕೆಯ ಶುದ್ಧಿ, ದುಡಿಯುವವನ ನಿಷ್ಠೆ, ದಾಸೋಹದ ಹಿರಿಮೆ ಇವುಗಳಿಗೆ ದೊರೆತಷ್ಟು ಗಮನ ಈ ಪ್ರಶ್ನೆಗೆ ದೊರೆತಿಲ್ಲ. ದುಡಿಯುವ ಜಾಗದ ಗಾಳಿ ಹೇಗಿರಬೇಕು ಎಂಬುದು ಕಾರ್ಖಾನೆ ಇನ್‌ಸ್ಪೆಕ್ಟರರ ಚಿಂತೆಯೇ ಹೊರತು ಧರ್ಮಚಿಂತನೆಯ ವಿಷಯವಲ್ಲವೆಂದು ತಿಳಿಯುವುದು ರೂಢಿಯಾಗಿದೆ. ಈ ರೂಢಿ ಸರಿಯಲ್ಲ. ಶರಣರು ಕಟ್ಟಿದ ತತ್ತ್ವದ ಒಳಗೇ ಉಸಿರಿಗೂ ಮೂಗಿಗೂ ಮಣ್ಣಿಗೂ ಒಂದು ನಿಶ್ಚಿತ ಸ್ಥಾನವಿದೆ. ಆ ಸ್ಥಾನವನ್ನು ಗಂಭೀರವಾಗಿ ತೆಗೆದುಕೊಂಡರೆ ಧೂಳಿನ ನಿಯಂತ್ರಣ ಆಚಾರದ ಮೊದಲ ಮೆಟ್ಟಿಲಾಗಿಯೇ ನಿಲ್ಲುತ್ತದೆ.

2021ರಲ್ಲಿ ರೂಪುಗೊಂಡ ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆಯನ್ನು ಬಿಟ್ಟರೆ ಉಳಿಯುವ ಐದು ತಾಲ್ಲೂಕುಗಳಾದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿಯಲ್ಲಿ ಈ ಪ್ರಶ್ನೆಗೆ ವಿಶೇಷವಾದ ಅರ್ಥವಿದೆ. ಗುರು ಕೊಟ್ಟೂರೇಶ್ವರನ ತೇರಿಗೆ ದೂರದೂರದಿಂದ ಪಾದಯಾತ್ರೆ ಬರುವ ಜನ, ಉಜ್ಜಿನಿಯ ಮರುಳಸಿದ್ಧೇಶ್ವರನ ಶಿಖರಕ್ಕೆ ಎಣ್ಣೆ ಎರೆಯುವ ಜನ, ಮೈಲಾರದ ಕಾರಣಿಕಕ್ಕೆ ಕಿವಿಗೊಟ್ಟು ವರ್ಷದ ಮಳೆಬೆಳೆಯನ್ನು ಲೆಕ್ಕಹಾಕುವ ಜನ ಇಲ್ಲಿಯವರು. ಮಳೆಯಾಶ್ರಿತ ಹೊಲ ಕೈಕೊಟ್ಟಾಗ ಮಲೆನಾಡಿನ ಕಾಫಿ ತೋಟಗಳಿಗೂ ಬೆಂಗಳೂರಿನ ಕಟ್ಟಡಗಳಿಗೂ ತೋರಣಗಲ್ಲು, ಕೊಪ್ಪಳ, ಹರಿಹರಗಳ ಸುತ್ತಲಿನ ಉಕ್ಕು, ಬೀಡುಕಬ್ಬಿಣ ಮತ್ತು ಎರಕದ ಕೆಲಸಗಳಿಗೂ ಗಂಟುಮೂಟೆ ಕಟ್ಟಿಕೊಂಡು ಹೋಗುವವರೂ ಇವರೇ. ಕಬ್ಬಿಣ ಕರಗುವ ಕಡೆಯಲ್ಲೆಲ್ಲ ಯಾವುದಾದರೊಂದು ರೂಪದಲ್ಲಿ ಗ್ರಾಫೈಟ್ ಇರುತ್ತದೆ.

ಗ್ರಾಫೈಟ್ ಎಂದರೆ ಹರಳುಗಟ್ಟಿದ ಇಂಗಾಲ. ಅದರ ಪರಮಾಣುಗಳು ಒಂದರ ಮೇಲೊಂದು ಹಾಸಿದ ಹಾಳೆಗಳಂತೆ ಕೂತಿದ್ದು, ಹಾಳೆಗಳ ನಡುವಿನ ಹಿಡಿತ ಸಡಿಲವಾಗಿರುವುದರಿಂದ ಒಂದು ಇನ್ನೊಂದರ ಮೇಲೆ ಸುಲಭವಾಗಿ ಜಾರುತ್ತದೆ; ಪೆನ್ಸಿಲ್ ಕಾಗದದ ಮೇಲೆ ಗೆರೆ ಬಿಡುವುದೂ ಯಂತ್ರದ ಭಾಗಗಳಿಗೆ ಈ ಪುಡಿ ಎಣ್ಣೆಯಂತೆ ಒದಗುವುದೂ ಈ ಗುಣದಿಂದಲೇ. ಪೆನ್ಸಿಲ್ಲಿನ ಕಡ್ಡಿಯನ್ನು ಸೀಸವೆಂದು ಕರೆಯುವ ವಾಡಿಕೆಯಿದ್ದರೂ ಅದರಲ್ಲಿ ಸೀಸವೆಂಬ ವಿಷಲೋಹ ಇರುವುದಿಲ್ಲ. ಬಲವಾದ ಶಾಖವನ್ನು ತಡೆಯುವ ಶಕ್ತಿಯಿಂದಾಗಿ ಅಕ್ಕಸಾಲಿಗರು ಚಿನ್ನ ಕರಗಿಸುವ ಮೂಸೆಯಿಂದ ಹಿಡಿದು ಉಕ್ಕಿನ ಕುಲುಮೆಯ ದೊಡ್ಡ ವಿದ್ಯುದ್ವಾರದವರೆಗೆ ಅದನ್ನು ಬಳಸುತ್ತಾರೆ. ಎರಕದ ಮನೆಗಳಲ್ಲಿ ಮರಳಿನ ಅಚ್ಚಿಗೆ ಲೋಹ ಅಂಟದಿರಲೆಂದು ಅದರ ಲೇಪ ಬಳಿಯುತ್ತಾರೆ. ಕರಗಿದ ಬೀಡುಕಬ್ಬಿಣ ತಣಿಯುವಾಗ ಹೆಚ್ಚುವರಿ ಇಂಗಾಲವು ಹೊಳೆಯುವ ತೆಳು ಚಕ್ಕೆಗಳಾಗಿ ಮೇಲೆ ತೇಲಿ ಬಂದು ಗಾಳಿಗೆ ಹಾರುತ್ತದೆ. ಲೋಹತಜ್ಞರು ಕಿಶ್ ಎಂದು ಕರೆಯುವ ಈ ಚಕ್ಕೆಯೂ ಗ್ರಾಫೈಟೇ.

ಅಪಾಯ ಗ್ರಾಫೈಟಿನ ವಿಷತ್ವದಲ್ಲಿಲ್ಲ, ಅದರ ಸೂಕ್ಷ್ಮತೆಯಲ್ಲಿದೆ. ಕಣ್ಣಿಗೆ ಕಾಣುವ ದಪ್ಪ ಕಣಗಳನ್ನು ಮೂಗಿನ ಕೂದಲು ಮತ್ತು ಲೋಳೆ ತಡೆಹಿಡಿದು ಹೊರಗೆ ಹಾಕುತ್ತವೆ. ಆದರೆ ಮಿಲಿಮೀಟರಿನ ಸಾವಿರದ ಒಂದು ಭಾಗವಾದ ಮೈಕ್ರಾನ್ ಲೆಕ್ಕದಲ್ಲಿ ನಾಲ್ಕೈದಕ್ಕಿಂತ ಚಿಕ್ಕದಾದ ಕಣಗಳು ಶ್ವಾಸಕೋಶದ ತುತ್ತತುದಿಯ ಗಾಳಿಗೂಡುಗಳನ್ನು ಮುಟ್ಟುತ್ತವೆ. ಅಲ್ಲಿ ಕಾವಲಿರುವ ಭಕ್ಷಕ ಕೋಶಗಳು ಈ ಕಣಗಳನ್ನು ನುಂಗುತ್ತವೆಯಾದರೂ ಇಂಗಾಲವನ್ನು ಕರಗಿಸಲಾರವು. ವರ್ಷಗಟ್ಟಲೆ ಹೀಗೆ ಕೂಡಿಕೊಂಡ ಕಪ್ಪಿನ ಸುತ್ತ ಶ್ವಾಸಕೋಶದ ಮೃದು ಅಂಗಾಂಶ ನಾರುಗಟ್ಟಿ ಗಡುಸಾಗುತ್ತದೆ. ನ್ಯೂಮೋಕೋನಿಯೋಸಿಸ್ ಎಂಬ ಹೆಸರಿನ, ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆಗಳ ಗುಂಪಿಗೆ ಇದೂ ಸೇರುತ್ತದೆ. ಮೊದಲ ವರ್ಷಗಳಲ್ಲಿ ಯಾವ ತೊಂದರೆಯೂ ಕಾಣದೆ, ಎದೆಯ ಎಕ್ಸ್‌ರೇಯಲ್ಲಿ ಮಾತ್ರ ನೆರಳು ಕಾಣಬಹುದು. ಆಮೇಲೆ ಕೆಮ್ಮು, ಕಪ್ಪು ಕಫ, ಏರು ಹತ್ತುವಾಗ ಏದುಸಿರು ಒಂದೊಂದಾಗಿ ಬರುತ್ತವೆ. ನಾರುಗಟ್ಟಿದ ಭಾಗವನ್ನು ಮೊದಲಿನಂತೆ ಮಾಡುವ ಔಷಧಿ ಇಲ್ಲ.

ಭೂಮಿಯಿಂದ ಅಗೆದ ಗ್ರಾಫೈಟ್ ಸಾಮಾನ್ಯವಾಗಿ ಒಂಟಿಯಾಗಿ ಬರುವುದಿಲ್ಲವೆಂಬುದು ಇನ್ನೂ ಮುಖ್ಯ. ಅದರೊಡನೆ ಬೆಣಚುಕಲ್ಲಿನ ಅಂಶ, ಅಂದರೆ ಹರಳು ಸಿಲಿಕಾ, ಬೆರೆತಿರುತ್ತದೆ. ಸಿಲಿಕಾ ತರುವ ಸಿಲಿಕೋಸಿಸ್ ಹೆಚ್ಚು ಕ್ರೂರವಾದದ್ದು ಮಾತ್ರವಲ್ಲ, ಕ್ಷಯರೋಗಕ್ಕೆ ದಾರಿ ಮಾಡಿಕೊಡುವಂಥದ್ದೂ ಹೌದು. ಅಮೆರಿಕದ ಔದ್ಯೋಗಿಕ ಆರೋಗ್ಯದ ರಾಷ್ಟ್ರೀಯ ಸಂಸ್ಥೆಯು ಒಳಹೋಗಬಲ್ಲ ನೈಸರ್ಗಿಕ ಗ್ರಾಫೈಟ್ ಧೂಳು ಒಂದು ಘನ ಮೀಟರ್ ಗಾಳಿಯಲ್ಲಿ 2.5 ಮಿಲಿಗ್ರಾಂ ಮೀರಬಾರದೆಂದು ಹೇಳಿದರೆ, ಹರಳು ಸಿಲಿಕಾಕ್ಕೆ ಅದೇ ಸಂಸ್ಥೆ ಹೇಳುವ ಮಿತಿ 0.05 ಮಿಲಿಗ್ರಾಂ, ಎಂದರೆ ಐವತ್ತು ಪಟ್ಟು ಕಡಿಮೆ. ಎಂಟು ಗಂಟೆ ಮೈಮುರಿದು ದುಡಿಯುವ ಮನುಷ್ಯ ಸುಮಾರು ಹತ್ತು ಘನ ಮೀಟರ್ ಗಾಳಿಯನ್ನು ಒಳಗೆಳೆಯುತ್ತಾನೆ. ಆದುದರಿಂದ ಮಿತಿಯೊಳಗಿನ ಗಾಳಿಯೂ ಒಂದು ಪಾಳಿಗೆ ಇಪ್ಪತ್ತೈದು ಮಿಲಿಗ್ರಾಂ ಕಪ್ಪನ್ನು ಎದೆಯೊಳಕ್ಕೆ ಒಯ್ಯಬಲ್ಲದು. ಚಿಟಿಕೆಯಲ್ಲಿ ಹಿಡಿದರೆ ಲೆಕ್ಕಕ್ಕೇ ಬಾರದ ಈ ಪುಡಿ ಇಪ್ಪತ್ತು ವರ್ಷದ ದುಡಿಮೆಯಲ್ಲಿ ಏನಾಗುತ್ತದೆಂಬುದನ್ನು ಮೈಯೇ ಹೇಳುತ್ತದೆ.

ತತ್ತ್ವದ ಕಡೆಗೆ ತಿರುಗಿದರೆ, ಚೆನ್ನಬಸವಣ್ಣನ ಹೆಸರಿನೊಡನೆ ಬೆಸೆದುಕೊಂಡಿರುವ ಷಟ್‌ಸ್ಥಲ ಸಿದ್ಧಾಂತದಲ್ಲಿ ಸಾಧಕನು ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ನೆಲೆಗಳನ್ನು ಏರುತ್ತಾನೆ. ಪ್ರತಿ ನೆಲೆಗೂ ಒಂದು ಲಿಂಗ, ಒಂದು ಇಂದ್ರಿಯ, ಒಂದು ಭೂತ ಹೊಂದಿಕೊಂಡಿವೆ. ನಾಲಿಗೆಗೆ ಗುರುಲಿಂಗ, ಕಣ್ಣಿಗೆ ಶಿವಲಿಂಗ, ಚರ್ಮಕ್ಕೆ ಜಂಗಮಲಿಂಗ, ಕಿವಿಗೆ ಪ್ರಸಾದಲಿಂಗ, ಹೃದಯಕ್ಕೆ ಮಹಾಲಿಂಗ ಎಂದು ಸಾಗುವ ಈ ಜೋಡಣೆಯಲ್ಲಿ ಎಲ್ಲಕ್ಕಿಂತ ಮೊದಲನೆಯದಾದ ಭಕ್ತಸ್ಥಲಕ್ಕೆ ಒದಗುವುದು ಆಚಾರಲಿಂಗ. ಅದರ ಇಂದ್ರಿಯ ಮೂಗು, ಅದರ ಭೂತ ಪೃಥ್ವಿ. ಮಣ್ಣು, ಮೂಗು, ನಡತೆ ಈ ಮೂರನ್ನೂ ಒಂದೇ ನೆಲೆಯಲ್ಲಿ ನಿಲ್ಲಿಸಿದ ಈ ಯೋಜನೆಯನ್ನು ಧ್ಯಾನದ ನಕ್ಷೆಯಾಗಿ ಮಾತ್ರ ಓದುವುದು ವಾಡಿಕೆ. ಆದರೆ ಅದನ್ನು ದುಡಿಮೆಯ ನಕ್ಷೆಯಾಗಿಯೂ ಓದಲು ಏನೂ ಅಡ್ಡಿಯಿಲ್ಲ, ಏಕೆಂದರೆ ಈ ಸಿದ್ಧಾಂತವನ್ನು ಬದುಕಿದವರು ನೇಕಾರರು, ಅಂಬಿಗರು, ಮಡಿವಾಳರು, ಹಗ್ಗ ಹೊಸೆಯುವವರು. ಹಡಗಲಿಯ ಮಲ್ಲಿಗೆಯ ಪರಿಮಳವನ್ನು ಆಚಾರಲಿಂಗಕ್ಕೆ ಅರ್ಪಿಸುವ ಮೂಗೇ ಎರಕದ ಮನೆಯಲ್ಲಿ ಹಾರುವ ಕಪ್ಪನ್ನೂ ಎಳೆದುಕೊಳ್ಳುತ್ತದೆ; ಮೊದಲನೆಯದು ಅರ್ಪಿತವಾಗಬಲ್ಲದು, ಎರಡನೆಯದು ಅರ್ಪಿತವಾಗುವುದು ಹೇಗೆ?

ಇಲ್ಲಿ ಪ್ರಸಾದದ ಕಲ್ಪನೆ ನೆರವಿಗೆ ಬರುತ್ತದೆ. ಶರಣರ ಪ್ರಕಾರ ಲೋಕದಲ್ಲಿ ದೊರೆಯುವ ವಸ್ತು ಪದಾರ್ಥ. ಅದನ್ನು ಅರಿವಿನಿಂದ ಲಿಂಗಕ್ಕೆ ಅರ್ಪಿಸಿ ಸ್ವೀಕರಿಸಿದಾಗ ಅದು ಪ್ರಸಾದ. ಅರ್ಪಿಸದೆ ಕೊಳ್ಳುವುದು ಅನರ್ಪಿತ, ಅದು ಭಕ್ತನಿಗೆ ಸಲ್ಲದು. ಊಟದ ವಿಷಯದಲ್ಲಿ ಈ ನಿಯಮವನ್ನು ಚಾಚೂ ತಪ್ಪದೆ ಪಾಲಿಸುವ ಮನೆಗಳು ಈ ಐದು ತಾಲ್ಲೂಕುಗಳಲ್ಲಿ ಇಂದಿಗೂ ಇವೆ. ಆದರೆ ಮನುಷ್ಯ ದಿನಕ್ಕೆ ಎರಡು ಮೂರು ಸಲ ಉಣ್ಣುತ್ತಾನೆ, ಉಸಿರನ್ನು ನಿಮಿಷಕ್ಕೆ ಹದಿನೈದಿಪ್ಪತ್ತು ಸಲ ಎಳೆಯುತ್ತಾನೆ. ನಾಲಿಗೆಗೆ ಮುಟ್ಟುವುದರ ಶುದ್ಧಿಯನ್ನು ಇಷ್ಟು ಎಚ್ಚರದಿಂದ ಕಾಯುವ ಧರ್ಮ ಮೂಗಿಗೆ ಮುಟ್ಟುವುದನ್ನು ಲೆಕ್ಕಕ್ಕೆ ಹಿಡಿಯದೆ ಬಿಟ್ಟರೆ ಅದು ತನ್ನದೇ ಮಾತಿಗೆ ಅರ್ಧ ಮಾತ್ರ ನಿಂತಂತೆ. ದೇಹವನ್ನು ದೇಗುಲವೆಂದು ಕಂಡ ಬಸವಣ್ಣನ ನೋಟವನ್ನು ಒಪ್ಪಿದವರು ಆ ದೇಗುಲದ ಗರ್ಭಗುಡಿಗೆ ಹೋಗುವ ಗಾಳಿಯ ಬಗ್ಗೆ ಉದಾಸೀನರಾಗಿರಲು ಸಾಧ್ಯವಿಲ್ಲ.

ಈ ವಾದಕ್ಕೆ ಮೂರು ಆಕ್ಷೇಪಗಳು ಬರಬಹುದು, ಮೂರೂ ಹಗುರವಾದವಲ್ಲ. ಮೊದಲನೆಯದು ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯದ್ದು: ಬೆಂಕಿಯನ್ನು ಹೊಗೆ ಕವಿದಿರುವಂತೆ ಎಲ್ಲ ಉದ್ಯಮಗಳನ್ನೂ ಯಾವುದೋ ದೋಷ ಕವಿದಿರುತ್ತದೆ, ಆದುದರಿಂದ ತನ್ನ ಪಾಲಿಗೆ ಬಂದ ಕೆಲಸವನ್ನು ದೋಷವಿದೆಯೆಂದು ಬಿಡಬಾರದು ಎಂಬ ಆಶಯ ಅಲ್ಲಿದೆ. ಇದನ್ನು ಹಿಡಿದು, ಧೂಳಿಲ್ಲದ ಕೆಲಸ ಎಲ್ಲಿದೆ ಎಂದು ಕೇಳುವವರುಂಟು. ಆದರೆ ಆ ಮಾತು ಹೇಳಿರುವುದು ಕೆಲಸದ ನಡುವೆ ಕೈಚೆಲ್ಲುವ ಮನಸ್ಸಿಗೆ ಧೈರ್ಯ ತುಂಬಲು; ಹೊಗೆಯನ್ನು ಹೊರಗೆ ಕಳಿಸುವ ಕೊಳವೆ ಹಾಕಬಲ್ಲವನು ಹಾಕದೆ ಕೂರಲು ಅದು ಕೊಟ್ಟ ಪರವಾನಗಿಯಲ್ಲ. ಅದೇ ಗ್ರಂಥದ ಹದಿನೇಳನೆಯ ಅಧ್ಯಾಯ, ದೇಹದೊಳಗಿನ ಭೂತಸಮೂಹವನ್ನೂ ಅದರೊಳಗೆ ನೆಲೆಸಿದ ಭಗವಂತನನ್ನೂ ಅವಿವೇಕದಿಂದ ಹಿಂಸಿಸುವವರನ್ನು ಅಸುರ ನಿಶ್ಚಯದವರೆಂದು ಕಟುವಾಗಿ ಖಂಡಿಸುತ್ತದೆ. ತಪಸ್ಸಿನ ಹೆಸರಿನಲ್ಲಿ ತನ್ನ ದೇಹವನ್ನು ತಾನೇ ಸುಡುವುದೇ ತಪ್ಪಾದರೆ, ಉತ್ಪಾದನೆಯ ಹೆಸರಿನಲ್ಲಿ ಪರರ ದೇಹವನ್ನು ಸವೆಸುವುದು ಸರಿಯಾಗುವುದು ಯಾವ ನ್ಯಾಯದಿಂದ?

ಎರಡನೆಯ ಆಕ್ಷೇಪ ಶರಣ ಪರಂಪರೆಯ ಒಳಗಿನದು. ತನುವನ್ನು ಗುರುವಿಗೆ, ಮನವನ್ನು ಲಿಂಗಕ್ಕೆ, ಧನವನ್ನು ಜಂಗಮಕ್ಕೆ ಸವೆಸುವುದೇ ಭಕ್ತಿಯೆಂದ ಮೇಲೆ ದುಡಿಮೆಯಲ್ಲಿ ದೇಹ ಸವೆದರೆ ಅದೂ ಸಮರ್ಪಣೆಯೇ ಅಲ್ಲವೇ ಎಂದು ಕೇಳಬಹುದು. ಇದಕ್ಕೆ ಉತ್ತರ ಸಮರ್ಪಣೆಯ ಸ್ವರೂಪದಲ್ಲಿದೆ. ಅದು ಅರಿತು ಮಾಡುವಂಥದ್ದು, ತಾನಾಗಿ ಮಾಡುವಂಥದ್ದು. ಗ್ರಾಫೈಟ್ ಚೀಲದ ಮೇಲೆ ಏನು ಬರೆದಿದೆಯೆಂದು ಓದಲಾಗದ, ಓದಿ ಹೇಳುವವರೂ ಇಲ್ಲದ ಕೂಲಿಯವನು ಆ ಚೀಲವನ್ನು ಹರಿದು ಸುರಿದಾಗ ಎದೆಗೆ ಇಳಿಯುವ ಕಪ್ಪನ್ನು ಆತನ ಸಮರ್ಪಣೆಯೆನ್ನುವುದು ಅನ್ಯಾಯ; ತನುವನ್ನು ಅರ್ಪಿಸುವುದು ಗುರುವಿಗೆ, ಗುತ್ತಿಗೆದಾರನಿಗಲ್ಲ.

ಮೂರನೆಯದು ಹಣೆಬರಹದ ಮಾತು. ಊರಿನ ಕಟ್ಟೆಯ ಮೇಲೆ ಅತಿ ಸಲೀಸಾಗಿ ಬರುವ, ಎದುರು ಮಾತಿಲ್ಲದೆ ಎಲ್ಲರೂ ಒಪ್ಪಿಬಿಡುವ ಉತ್ತರ ಇದೇ. ಕೆಮ್ಮಿ ಕೆಮ್ಮಿ ನಲವತ್ತೈದಕ್ಕೆ ಹಾಸಿಗೆ ಹಿಡಿದವನಿಗೆ ಅದು ಒಂದಿಷ್ಟು ಸಮಾಧಾನ ಕೊಡುತ್ತದೆಂಬುದನ್ನು ಅಲ್ಲಗಳೆಯುವಂತಿಲ್ಲ, ಆ ಸಮಾಧಾನವನ್ನು ಆತನಿಂದ ಕಿತ್ತುಕೊಳ್ಳಬೇಕಾಗಿಯೂ ಇಲ್ಲ. ಆದರೆ ಹುಟ್ಟಿನಿಂದ ಬಂದ ಕೆಲಸ ಮತ್ತು ಅದರ ಹೀನಾಯವನ್ನು ಪೂರ್ವಜನ್ಮದ ಕರ್ಮವೆಂದು ಒಪ್ಪಿಸಲು ಹೊರಟ ವ್ಯವಸ್ಥೆಯ ವಿರುದ್ಧವೇ ಕಲ್ಯಾಣದ ಶರಣರು ನಿಂತರು. ತಡೆಯಬಹುದಾದ ರೋಗವನ್ನು ಕರ್ಮದ ಲೆಕ್ಕಕ್ಕೆ ಬರೆಯುವವರು ಆ ಹೋರಾಟವನ್ನು ಮರೆತವರು.

ಅಪಾಯದ ಕೆಲಸಕ್ಕೆ ಹೆಚ್ಚು ಕೂಲಿ ಕೊಟ್ಟರೆ ಲೆಕ್ಕ ಸರಿಹೋಗುತ್ತದೆಂಬ ಇನ್ನೊಂದು ವಾದವೂ ಇದೆ. ಇದಕ್ಕೆ ಆಯ್ದಕ್ಕಿ ಲಕ್ಕಮ್ಮನ ಕಥೆಗಿಂತ ಒಳ್ಳೆಯ ಉತ್ತರವಿಲ್ಲ. ಬಸವಣ್ಣನ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಆಕೆ ಅದನ್ನು ಒಲೆಗೆ ಹಾಕದೆ ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳಿಸಿದಳು. ಬಡತನದ ಮನೆಯ ಹೆಂಗಸು ಎತ್ತಿ ತೋರಿಸಿದ್ದು ಗಳಿಕೆಗೊಂದು ಅಳತೆಯಿದೆ, ಅಳತೆ ಮೀರಿದ್ದು ಕಾಯಕದ ಫಲವಲ್ಲವೆಂಬುದನ್ನು. ಉಸಿರನ್ನು ಮಾರಿ ಪಡೆದ ಭತ್ಯೆ ಈ ಅಳತೆಯೊಳಗೆ ಬರುವುದಿಲ್ಲ. ಕೊಡುವವನಿಗೂ ಅದು ಶುದ್ಧವಲ್ಲ, ಏಕೆಂದರೆ ಹೀರುಕೊಳವೆಗೆ ಹಾಕಬೇಕಾಗಿದ್ದ ಹಣವನ್ನು ಉಳಿಸಿ ಅದರ ಒಂದಂಶವನ್ನು ಆತ ಕೂಲಿಯ ಕೈಗೆ ಇಟ್ಟಿರುತ್ತಾನೆ.

ಹಾಗಾದರೆ ಕೆಲಸದ ಜಾಗದಲ್ಲಿ ಆಚಾರ ಹೇಗಿರಬೇಕು? ಮೊದಲನೆಯದಾಗಿ ಧೂಳು ಏಳದಂತೆ ನೋಡಿಕೊಳ್ಳಬೇಕು, ಎದ್ದದ್ದನ್ನು ಎದ್ದ ಜಾಗದಲ್ಲೇ ಹಿಡಿಯಬೇಕು. ಮೂಗಿಗೆ ಬಟ್ಟೆ ಕಟ್ಟುವುದು ಕೊನೆಯ ಉಪಾಯ, ಮೊದಲನೆಯದಲ್ಲ. ಚೀಲವನ್ನು ಎತ್ತರದಿಂದ ಸುರಿಯುವ ಬದಲು ಮುಚ್ಚಿದ ಕೊಳವೆಯ ಮೂಲಕ ಸಾಗಿಸುವುದು, ಅರೆಯುವ ಮತ್ತು ಜರಡಿ ಹಿಡಿಯುವ ಯಂತ್ರಗಳ ಬಾಯಿಗೇ ಗಾಳಿ ಹೀರುವ ಕೊಡೆಗಳನ್ನು ಕೂರಿಸುವುದು, ಪುಡಿಯ ಬದಲು ನೀರಿನಲ್ಲಿ ಕಲಸಿದ ಲೇಪ ಸಿಗುವಲ್ಲಿ ಅದನ್ನೇ ಬಳಸುವುದು ಇವೆಲ್ಲ ಮಾಲೀಕನ ಪಾಲಿನ ಕೆಲಸಗಳು. ಗ್ರಾಫೈಟ್ ನೀರನ್ನು ಸುಲಭವಾಗಿ ಒಪ್ಪಿಕೊಳ್ಳದ ಪುಡಿಯಾದ್ದರಿಂದ ಬರಿಯ ನೀರು ಚಿಮುಕಿಸಿದರೆ ಹನಿಗಳು ಮೇಲೆಯೇ ಉರುಳುತ್ತವೆ. ಪುಡಿಗೆ ಒದ್ದೆ ಹಿಡಿಸುವ ದ್ರವ್ಯವನ್ನು ನೀರಿಗೆ ಬೆರೆಸಬೇಕಾಗುತ್ತದೆ. ಪಾಳಿಯ ಕೊನೆಗೆ ಕಸಬರಿಗೆ ಹಿಡಿದು ಒಣನೆಲ ಗುಡಿಸುವುದು ಮತ್ತು ಕಂಪ್ರೆಸರಿನ ಗಾಳಿಯಿಂದ ಮೈಮೇಲಿನ ಬಟ್ಟೆ ಊದಿಕೊಳ್ಳುವುದು ಎಲ್ಲೆಡೆ ಕಾಣುವ ಎರಡು ಅಭ್ಯಾಸಗಳು. ನೆಲದ ಮೇಲೆ ತೆಪ್ಪಗೆ ಬಿದ್ದಿದ್ದ ಸೂಕ್ಷ್ಮ ಕಣ ಮತ್ತೆ ಮೂಗಿನ ಎತ್ತರಕ್ಕೆ ಏಳುವುದು ಇವೆರಡರಿಂದಲೇ. ಅವುಗಳ ಬದಲು ಸೂಕ್ಷ್ಮ ಸೋಸುಗ ಇರುವ ವ್ಯಾಕ್ಯೂಮ್ ಯಂತ್ರ ಬಳಸಬೇಕು. ಈ ಪುಡಿ ವಿದ್ಯುತ್ತನ್ನು ಹರಿಸುವುದರಿಂದ ಸ್ವಿಚ್ ಬೋರ್ಡಿನೊಳಗೆ ಹೊಕ್ಕು ಶಾರ್ಟ್ ಸರ್ಕ್ಯೂಟ್ ಮಾಡಬಲ್ಲದು, ನೆಲದ ಮೇಲೆ ಹರಡಿದರೆ ಕಾಲು ಜಾರಿಸುತ್ತದೆ. ದುಡಿಯುವ ಜಾಗದಲ್ಲಿ ಚಹಾ, ಬುತ್ತಿ, ಬೀಡಿ ಕೂಡದು. ಕೆಲಸದ ಬಟ್ಟೆಯನ್ನು ಅಲ್ಲಿಯೇ ಬಿಟ್ಟು ಮೈತೊಳೆದು ಮನೆಗೆ ಹೋಗಬೇಕು, ಇಲ್ಲವಾದರೆ ಆ ಧೂಳು ಬಟ್ಟೆ ಒಗೆಯುವ ಹೆಂಡತಿಯ, ಮಡಿಲೇರುವ ಮಗುವಿನ ಮೂಗಿಗೆ ಹೋಗುತ್ತದೆ.

ಮುಖಗವಸಿನ ವಿಷಯದಲ್ಲಿ ಧಾರ್ಮಿಕ ಸೂಕ್ಷ್ಮವೊಂದಿದೆ. ಹೆಗಲ ಮೇಲಿನ ಟವೆಲ್ಲನ್ನು ಮೂಗಿಗೆ ಸುತ್ತಿಕೊಂಡರೆ ದಪ್ಪ ಧೂಳು ನಿಂತೀತು, ಅಪಾಯಕಾರಿ ಸೂಕ್ಷ್ಮ ಕಣ ನಿಲ್ಲುವುದಿಲ್ಲ. ಎನ್95 ದರ್ಜೆಯ ಅಥವಾ ಅದಕ್ಕಿಂತ ಮೇಲಿನ ಗವಸು ಕೆನ್ನೆಗೆ ಬಿಗಿಯಾಗಿ ಕೂತಾಗ ಮಾತ್ರ ಕೆಲಸ ಮಾಡುತ್ತದೆ. ಗಡ್ಡವಿದ್ದರೆ ಅದು ಬಿಗಿಯಾಗಿ ಕೂರದು. ಹರಕೆಗೆಂದೋ ವ್ರತಕ್ಕೆಂದೋ ಮತಾಚಾರವೆಂದೋ ಗಡ್ಡ ಬಿಟ್ಟವರನ್ನು ಗಡ್ಡ ಅಥವಾ ಕೆಲಸ ಎಂದು ಒತ್ತಾಯಿಸುವುದು ಒರಟುತನ. ಮುಖಕ್ಕೆ ಅಂಟದೆ ತಲೆಯ ಮೇಲಿಂದ ಸೋಸಿದ ಗಾಳಿಯನ್ನು ಮೋಟಾರಿನಿಂದ ಒದಗಿಸುವ ಕುಲಾವಿಗಳಿವೆ, ದುಬಾರಿಯಾದರೂ ಅವು ಆ ಬಿಕ್ಕಟ್ಟಿಗೆ ಗೌರವಯುತವಾದ ಪರಿಹಾರ. ತಮ್ಮ ಉಸಿರಿನಿಂದ ಗಾಳಿಯ ಸೂಕ್ಷ್ಮ ಜೀವಿಗೆ ನೋವಾಗದಿರಲೆಂದು ಬಾಯಿಗೆ ವಸ್ತ್ರ ಕಟ್ಟುವ ಸ್ಥಾನಕವಾಸಿ ಜೈನ ಸಾಧುಗಳ ಅಹಿಂಸೆ, ದೇಹವನ್ನು ದೇವರು ಇಟ್ಟ ಅಮಾನತ್ತೆಂದು ಕಾಣುವ ಇಸ್ಲಾಮಿನ ನಂಬಿಕೆ, ಇವೂ ಬೇರೆ ದಾರಿಗಳಿಂದ ಇದೇ ಎಚ್ಚರಕ್ಕೆ ಬಂದು ಸೇರುತ್ತವೆ.

ಕಾನೂನು ಈ ಆಚಾರಕ್ಕೆ ಒಂದು ಮಟ್ಟದ ಬೆಂಬಲ ಕೊಟ್ಟಿದೆ. 1948ರ ಕಾರ್ಖಾನೆಗಳ ಕಾಯ್ದೆಯ 14ನೇ ಕಲಮು ಧೂಳನ್ನು ಹುಟ್ಟಿದ ಜಾಗದಲ್ಲೇ ಹೀರಿ ತೆಗೆಯಬೇಕೆಂದಿತು. ಭೋಪಾಲ ದುರಂತದ ನಂತರ 1987ರ ತಿದ್ದುಪಡಿ ಅಪಾಯಕಾರಿ ಪ್ರಕ್ರಿಯೆಗಳಲ್ಲಿ ದುಡಿಯುವವರಿಗೆ ಕಾಲಕಾಲಕ್ಕೆ ವೈದ್ಯಕೀಯ ತಪಾಸಣೆಯನ್ನೂ, ಸನ್ನಿಹಿತ ಅಪಾಯದ ಬಗ್ಗೆ ಎಚ್ಚರಿಸುವ ಹಕ್ಕನ್ನೂ, ಕಾರ್ಮಿಕರಿಗೆ ಸಮಪಾಲು ಇರುವ ಸುರಕ್ಷತಾ ಸಮಿತಿಯನ್ನೂ ಕೊಟ್ಟಿತು. 2020ರಲ್ಲಿ ಸಂಸತ್ತು ಅಂಗೀಕರಿಸಿದ ಔದ್ಯೋಗಿಕ ಸುರಕ್ಷತೆಯ ಸಂಹಿತೆ ಈ ಕಾಯ್ದೆಯ ಜಾಗಕ್ಕೆ ಬರಲೆಂದೇ ರೂಪುಗೊಂಡದ್ದು. ನಾಲ್ಕೈದು ಆಳುಗಳ ಸಣ್ಣ ಎರಕದ ಶೆಡ್ಡಿಗೆ ಇಂಥ ಕಾನೂನಿನ ಕೈ ಮುಟ್ಟುವುದು ಕಷ್ಟ. ಅಲ್ಲಿ ಉಳಿಯುವುದು ಶರಣರು ಹೇಳಿದ ಪಂಚಾಚಾರವೇ: ಸತ್ಯಶುದ್ಧ ದುಡಿಮೆಯಿಂದ ಬದುಕುವ ಸದಾಚಾರ, ಸಮುದಾಯಕ್ಕೆ ಆದ ಅನ್ಯಾಯವನ್ನು ಸಹಿಸದೆ ಎದುರಿಸುವ ಗಣಾಚಾರ. ಐದರಲ್ಲಿ ಭೃತ್ಯಾಚಾರವೊಂದನ್ನೇ ಎತ್ತಿ ಹಿಡಿದು ವಿನಯವನ್ನು ಕಲಿಸುವವರು ಗಣಾಚಾರವನ್ನು ಕೈಬಿಟ್ಟಿರುವುದೇ ಹೆಚ್ಚು.

ಬೆಂಗಳೂರಿನ ವೈಟ್‌ಫೀಲ್ಡ್ ಕಡೆ ದಶಕಗಳ ಕಾಲ ನಡೆದ ಗ್ರಾಫೈಟ್ ಇಂಡಿಯಾ ಕಾರ್ಖಾನೆ, ಸುತ್ತಲಿನ ಮನೆಗಳಿಗೆ ಕಪ್ಪು ಧೂಳು ಬರುತ್ತಿದೆಯೆಂಬ ನಿವಾಸಿಗಳ ದೂರು ಮತ್ತು ನ್ಯಾಯಾಲಯದ ವ್ಯಾಜ್ಯಗಳ ನಂತರ 2019ರಲ್ಲಿ ಮುಚ್ಚಿತು. ನಿವಾಸಿಗಳ ಹೋರಾಟ ನ್ಯಾಯವಾದದ್ದು. ಆದರೂ ಆ ಚರ್ಚೆಯಲ್ಲಿ ಮೇಲುಗೈ ಪಡೆದದ್ದು ಕಾಂಪೌಂಡ್ ದಾಟಿ ಬಂದ ಧೂಳಿನ ಮಾತು. ಯಾವ ಕಾರ್ಖಾನೆಯಲ್ಲೇ ಆದರೂ ಒಳಗಿನವರ ಪಾಲಿಗೆ ಬರುವುದು ಅದಕ್ಕಿಂತ ಹತ್ತಿರದ, ದಟ್ಟವಾದ ಧೂಳು. ಒಳಗಿನವರ ಈ ಪಾಡು ಹೊಸದಲ್ಲ: ಕೋಲಾರದ ಚಿನ್ನದ ಗಣಿಗಳಲ್ಲಿ ಸಿಲಿಕೋಸಿಸ್ ಕಳೆದ ಶತಮಾನದ ಮೊದಲರ್ಧದಲ್ಲೇ ದಾಖಲಾಗಿತ್ತು. ಗಣಿಗಳು 2001ರಲ್ಲಿ ಮುಚ್ಚಿದವು. ಆದರೆ ಧೂಳಿನ ಸಂಪರ್ಕ ನಿಂತ ಮೇಲೂ ಬೆಳೆಯುವ ಸ್ವಭಾವ ಆ ರೋಗಕ್ಕಿದೆ.

2017ರಲ್ಲಿ ಕೊಟ್ಟೂರಿನ ತೇರು ಎಳೆಯುವಾಗಲೇ ಉರುಳಿಬಿತ್ತು. ತೇರಿನ ಅಚ್ಚು ಮತ್ತು ಗಾಲಿಯನ್ನು ಬಲ್ಲವರಿಂದ ಪರೀಕ್ಷೆ ಮಾಡಿಸುವುದು ಭಕ್ತಿಗೆ ಕುಂದಲ್ಲ, ಭಕ್ತಿಯ ಅಂಗವೇ. ದುಡಿಯುವ ಜಾಗದ ಗಾಳಿಯನ್ನು ಅಳೆಸುವುದೂ ಹಾಗೆಯೇ. ಹರಪನಹಳ್ಳಿಯ ತಾಂಡಾಗಳಿಂದ, ಕೂಡ್ಲಿಗಿಯ ಒಣಭೂಮಿಯ ಹಳ್ಳಿಗಳಿಂದ ಹೊರಗೆ ದುಡಿಯಲು ಹೋದವರು ವರ್ಷದಲ್ಲಿ ಒಮ್ಮೆಯಾದರೂ ಊರಿಗೆ ಬರುವುದು ಜಾತ್ರೆ, ಹಬ್ಬಗಳಿಗೆ. ಕೊಟ್ಟೂರಿನ ತೇರಿನ ದಿನಗಳಲ್ಲಿ, ಮೈಲಾರದ ಭರತ ಹುಣ್ಣಿಮೆಯಲ್ಲಿ ದಾಸೋಹದ ಪಂಕ್ತಿಯ ಪಕ್ಕದಲ್ಲಿಯೇ ಉಸಿರಿನ ಬಲ ಅಳೆಯುವ ಸ್ಪೈರೋಮೀಟರ್ ಮತ್ತು ಎದೆಯ ಎಕ್ಸ್‌ರೇ ಇಟ್ಟ ಒಂದು ಬಿಡಾರ ಹಾಕಿಸುವುದು ಮಠಗಳಿಗೆ ದೊಡ್ಡ ಹೊರೆಯಲ್ಲ, ಅನ್ನದಾಸೋಹದ ಮುಂದುವರಿಕೆಯಾಗಿಯೇ ಅದು ನಡೆಯಬಹುದು.

ಆ ಬಿಡಾರದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆಯನ್ನು ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಾಜ್ಜಿನಿ 1700ರಲ್ಲಿ ಪ್ರಕಟಿಸಿದ, ಕಸುಬುದಾರರ ರೋಗಗಳನ್ನು ಕುರಿತ ತನ್ನ ಗ್ರಂಥದಲ್ಲಿ ಸೂಚಿಸಿದ್ದಾನೆ: ರೋಗಿಯ ಬಳಿ ಕೂತ ವೈದ್ಯ ಉಳಿದ ವಿಚಾರಣೆಗಳೊಡನೆ ಆತನ ಕಸುಬು ಯಾವುದೆಂಬುದನ್ನೂ ಕೇಳಬೇಕು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ ಎಂದು ಮನುಷ್ಯನನ್ನು ಅವನ ಕಾಯಕದೊಡನೆ ಸೇರಿಸಿಯೇ ನೆನೆಯುವ ನಾಡಿನಲ್ಲಿ ಈ ಪ್ರಶ್ನೆ ಹೊಸದಾಗಿ ಕಾಣಬೇಕಿಲ್ಲ. ಕೆಮ್ಮು ಮತ್ತು ಏದುಸಿರಿನಿಂದ ಬಂದವನ ಕಫದಲ್ಲಿ ಕ್ಷಯದ ರೋಗಾಣು ಕಾಣದಿದ್ದರೂ, ಕಂಡರೂ, ಆತ ಎಷ್ಟು ವರ್ಷ ಯಾವ ಧೂಳಿನಲ್ಲಿ ದುಡಿದನೆಂಬುದು ಆಸ್ಪತ್ರೆಯ ಚೀಟಿಯ ಮೇಲೆ ಬರಹಕ್ಕೆ ಇಳಿಯಬೇಕು. ಹಾಗೆ ಬರೆದಿಟ್ಟ ಚೀಟಿಯಿದ್ದರೆ ಪರಿಹಾರದ ಕಾನೂನಿನಡಿ ಔದ್ಯೋಗಿಕ ರೋಗದ ಹಕ್ಕು ಕೇಳುವ ಆತನಿಗೋ ಆತನ ಮನೆಯವರಿಗೋ ನೆಚ್ಚಲು ಒಂದು ಆಧಾರವಾದರೂ ಇರುತ್ತದೆ.